ದೋಣಿ ಅಗ್ಗ, ದಡ ದುಬಾರಿ

ಅಗ್ಗಕ್ಕೆ ಸಿಕ್ಕಿತೆಂದು ಆನೆ ತಂದವನೊಬ್ಬ ಅದನ್ನು ಕಟ್ಟಲು ಜಾಗ ಹುಡುಕಿಕೊಂಡು ಊರೆಲ್ಲ ತಿರುಗಿದನಂತೆ. ಹಳೆಯ ಹಾಯಿದೋಣಿ ಕೊಳ್ಳಲು ಹೊರಡುವವರ ಕತೆಯೂ ಹೆಚ್ಚುಕಡಿಮೆ ಇಷ್ಟೇ.

ನೌಕಾಪಡೆಯ ನಿವೃತ್ತ ಕಮಾಂಡರ್ ಅಭಿಲಾಷ್ ಟಾಮಿ ಅವರು 2023ರ ಏಪ್ರಿಲಿನಲ್ಲಿ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದರು. ಒಬ್ಬಂಟಿಯಾಗಿ, ಎಲ್ಲೂ ನಿಲ್ಲದೆ ಭೂಮಿ ಸುತ್ತುವ ಪಂದ್ಯ ಅದು. ಹಾಯಿದೋಣಿ ಎಂದರೇನೆಂದು ಕೇಳದವರ ಬಾಯಲ್ಲೂ ಆಮೇಲೆ ಅದರ ಮಾತು ಬಂತು. ಆ ಪಂದ್ಯಕ್ಕೆ ಹೊಸ ಮಾದರಿಯ ದೋಣಿ ನಡೆಯುವುದಿಲ್ಲ, 1988ಕ್ಕೆ ಮೊದಲು ರೂಪಿಸಿದ ಹಳೇ ಮಾದರಿಯೇ ಆಗಬೇಕು. ಅವರ ‘ಬಯಾನತ್’ ಕೂಡ ಅಂಥದೇ, 36 ಅಡಿಯದು. ಹೀಗಾಗಿ, ಕೈಯಲ್ಲಿ ನಾಲ್ಕು ಕಾಸು ಮಾಡಿಕೊಂಡು ಕೊಲ್ಲಿಯಿಂದ ಮರಳಿದವರೋ, ನಿವೃತ್ತಿಯ ದುಡ್ಡು ಬಂದವರೋ, “ಹಳತಾದರೆ ಎಂತ? ಅದೇ ಭೂಮಿ ಸುತ್ತಿ ಬಂತಲ್ಲ” ಎಂದು ವಾದಿಸಿದರೆ ಆ ವಾದವನ್ನು ತಳ್ಳಿಹಾಕುವ ಹಾಗಿಲ್ಲ.

ಹಳತು ಕೆಟ್ಟದ್ದೆಂದು ಯಾರೂ ಹೇಳಬೇಕಾಗಿಲ್ಲ. ಇದಕ್ಕೆ ಮುಂಬೈಯೇ ಸಾಕ್ಷಿ. 1968ರ ಜೂನ್ 14ರಂದು ಇಂಗ್ಲೆಂಡಿನಿಂದ ಹೊರಟು, 312 ದಿನ ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತಿದ ಮೊದಲಿಗರು ರಾಬಿನ್ ನಾಕ್ಸ್-ಜಾನ್‌ಸ್ಟನ್. ಅವರ 32 ಅಡಿಯ ‘ಸುಹೈಲಿ’ ತಯಾರಾದದ್ದು ಮುಂಬೈಯ ಬಡಗಿಗಳ ಕೈಯಲ್ಲಿ, ಸಾಗುವಾನಿ ಮರದಲ್ಲಿ. ದಾರಿಯಲ್ಲಿ ಹಲಗೆ ಸಂದಿಯಿಂದ ನೀರು ಒಸರತೊಡಗಿದಾಗ ಅವರು ನಡು ಸಮುದ್ರದಲ್ಲಿ ಮುಳುಗು ಹಾಕಿ, ಸಂದಿಗೆ ಹತ್ತಿ ತುರುಕಿ, ಮೇಲಿಂದ ತಾಮ್ರದ ಪಟ್ಟಿ ಹೊಡೆದು ಮುಂದೆ ಹೋದರು. ಆ ದೋಣಿ ಇನ್ನೂ ಉಂಟು. ಮರಕ್ಕೆ ಏನೂ ಆಗಿರಲಿಲ್ಲ, ಆದರೆ ಮರವನ್ನು ಹಿಡಿದಿದ್ದ ಕಬ್ಬಿಣದ ಮೊಳೆಗಳು ತುಕ್ಕು ತಿಂದಿದ್ದವು. ಹತ್ತಾರು ವರ್ಷಗಳ ನಂತರ ಅವರು ದೋಣಿಯನ್ನು ದಡಕ್ಕೆಳೆದು, ಹಳೇ ಮೊಳೆ ಬಿಟ್ಟು ಮತ್ತೆ ಬಿಗಿಸಬೇಕಾಯಿತು. ದಡದ ಮೇಲೆ ಜಾಗವಿತ್ತು, ಕೆಲಸಕ್ಕೆ ವರ್ಷಗಟ್ಟಲೆ ಸಮಯವಿತ್ತು, ದೋಣಿ ಉಳಿಯಿತು. ಈ ಕತೆ ಹೇಳುವವರು ಭೂಮಿ ಸುತ್ತಿದ ಭಾಗ ಹೇಳುತ್ತಾರೆ, ದಡದ ಮೇಲೆ ಕಳೆದ ವರ್ಷಗಳನ್ನು ಬಿಟ್ಟುಬಿಡುತ್ತಾರೆ.

ಖರ್ಚಿನ ಲೆಕ್ಕ ಅಂಗಡಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹಳೇ ಬಸ್ಸನ್ನು ಗುಜರಿ ದರಕ್ಕೆ ಕೊಂಡವರ ಹತ್ತಿರವೂ ಟೈರಿನ ಅಂಗಡಿಯವನು ಹೊಸ ಟೈರಿನ ದುಡ್ಡೇ ಕೇಳುತ್ತಾನೆ. “ಬಸ್ಸು ಹಳತು ಮಾರಾಯ್ರೇ, ಸ್ವಲ್ಪ ನೋಡಿ ಹಾಕಿ” ಎಂದರೆ ನಗುತ್ತಾನೆ. ದೋಣಿಯದೂ ಹಾಗೆಯೇ. ಹಾಯಿಕಂಬವನ್ನು ನೆಟ್ಟಗೆ ಹಿಡಿದಿರುವ ಉಕ್ಕಿನ ತಂತಿಗಳನ್ನು ಹತ್ತು ಹದಿನೈದು ವರ್ಷಕ್ಕೊಮ್ಮೆ ಬದಲಾಯಿಸಬೇಕು, ಹೊರಗಿಂದ ಫಳಫಳ ಹೊಳೆಯುತ್ತಿದ್ದರೂ ಸರಿಯೇ. ಹಾಯಿಯ ಬಟ್ಟೆಯನ್ನು ಬಿಸಿಲು ತಿನ್ನುತ್ತದೆ. ತಳಕ್ಕೆ ಪಾಚಿ, ಚಿಪ್ಪು ಅಂಟದಂತೆ ಬಳಿಯುವ ಬಣ್ಣವನ್ನು ಈ ಬಿಸಿ ನೀರಿನ ಕಡಲಿನಲ್ಲಿ ವರ್ಷ ವರ್ಷ ಬಳಿಯಬೇಕು. ಎಂಜಿನಿನ ಕತೆ ಬೇರೆ. ಇವೆಲ್ಲದರ ಬೆಲೆ ನಿಲ್ಲುವುದು ದೋಣಿಯ ಉದ್ದದ ಮೇಲೆ, ಕೊಂಡ ಬೆಲೆಯ ಮೇಲಲ್ಲ. ವರ್ಷಕ್ಕೆ ದೋಣಿಯ ಬೆಲೆಯ ಹತ್ತನೇ ಒಂದು ಪಾಲು ಖರ್ಚು ಎಂಬ ಲೆಕ್ಕ ಹೇಳುವವರಿದ್ದಾರೆ. ಅರ್ಧ ಬೆಲೆಗೆ ಕೊಂಡವರು ಖರ್ಚೂ ಅರ್ಧ ಎಂದುಕೊಂಡರೆ ಅಲ್ಲಿಗೇ ಲೆಕ್ಕ ತಪ್ಪಿತು.

ಫೈಬರ್ ದೋಣಿಗೆ ಗೆದ್ದಲಿಲ್ಲ, ಹುಳುವಿಲ್ಲ, ಚಿಂತೆಯೇ ಇಲ್ಲ ಎನ್ನುವ ದಲ್ಲಾಳಿಗಳ ಮಾತು ಅರ್ಧ ಸತ್ಯ. 1970–80ರ ಫೈಬರ್ ದೋಣಿಗಳ ಮೈ ದಪ್ಪ, ಗಟ್ಟಿ, ಅದು ಹೌದು. ಆದರೆ ವರ್ಷಗಟ್ಟಲೆ ಬೆಚ್ಚಗಿನ ನೀರಿನಲ್ಲೇ ನಿಂತರೆ ತಳದಲ್ಲಿ ಬೊಕ್ಕೆ ಏಳುತ್ತದೆ. ಮೇಲಿನ ಅಟ್ಟದ ಎರಡು ಪದರ ಫೈಬರಿನ ನಡುವೆ ಹಗುರ ಮರ ತುಂಬಿರುವ ದೋಣಿಗಳುಂಟು. ಒಂದು ಬೋಲ್ಟಿನ ತೂತಿನಿಂದ ಮಳೆ ನೀರು ಒಳಗೆ ಹೋದರೆ ಸಾಕು, ಆ ಮರ ಕೊಳೆತು ಅಟ್ಟ ಮೆತ್ತಗಾಗುತ್ತದೆ. ಗೊತ್ತಿದ್ದವರು ಸಣ್ಣ ಸುತ್ತಿಗೆ ಹಿಡಿದು ಇಡೀ ಅಟ್ಟವನ್ನು ತಟ್ಟಿ ನೋಡುತ್ತಾರೆ, ಹಲಸಿನ ಹಣ್ಣು ತಟ್ಟಿ ನೋಡಿದ ಹಾಗೆ. ಟಣ್ ಎಂದರೆ ಸರಿ, ಡಬ್ ಎಂದರೆ ಬೆಲೆಯ ಮಾತು ಮತ್ತೆ ಮೊದಲಿನಿಂದ.

ಮರದ ದೋಣಿಗೆ ಉಪ್ಪು ನೀರಿಗಿಂತ ಮಳೆ ನೀರೇ ಶತ್ರು. ಉಪ್ಪು ಮರವನ್ನು ಕಾಯುತ್ತದೆ, ಮೇಲಿನಿಂದ ಇಳಿದು ಮೂಲೆಯಲ್ಲಿ ನಿಂತ ಸಿಹಿ ನೀರು ಕೊಳೆಸುತ್ತದೆ. ಆದರೆ ಅದೇ ಉಪ್ಪು ನೀರಿನಲ್ಲಿ ಮರ ಕೊರೆಯುವ ಹುಳು ಇರುತ್ತದೆ. ಮಳೆಗಾಲದಲ್ಲಿ ಹೊಳೆ ನೀರು ಸಿಹಿಯಾದಾಗ ಆ ಹುಳು ಬದುಕುವುದಿಲ್ಲ. ಅಂದಮೇಲೆ ಜೂನಿನಲ್ಲಿ ದೋಣಿ ಹೊಳೆಯೊಳಗಿದ್ದರೆ ತಳಕ್ಕೆ ಒಳ್ಳೆಯದು, ಮೇಲೆ ಮಾಡು ಇದ್ದರೆ ತಲೆಗೂ ಒಳ್ಳೆಯದು. ದೋಣಿಯ ಆಯುಸ್ಸನ್ನು ತೀರ್ಮಾನಿಸುವುದು ಅದು ಎಷ್ಟು ಹಳತು ಎಂಬುದಲ್ಲ, ಎಲ್ಲಿ ನಿಂತಿದೆ ಎಂಬುದು.

ಹಾಗಾದರೆ ಮಂಗಳೂರಿನಲ್ಲಿ ಎಲ್ಲಿ ನಿಲ್ಲಿಸುವುದು?

ಪಣಂಬೂರಿನ ಹೊಸ ಬಂದರು ದೊಡ್ಡ ಹಡಗುಗಳದ್ದು, 1975ರಲ್ಲಿ ಇಂದಿರಾ ಗಾಂಧಿಯವರು ಉದ್ಘಾಟಿಸಿದ್ದು. ಕಲ್ಲಿದ್ದಲು, ತೈಲದ ಹಡಗುಗಳ ನಡುವೆ 36 ಅಡಿಯ ದೋಣಿಗೆ ಜಾಗ ಕೇಳುವುದು ಎಕ್ಸ್‌ಪ್ರೆಸ್ ರೈಲಿನಲ್ಲಿ ಎತ್ತಿನ ಗಾಡಿಗೆ ಜಾಗ ಕೇಳಿದಂತೆ. ಉಳಿದದ್ದು ಹಳೇ ಬಂದರು. ನೇತ್ರಾವತಿಯೂ ಗುರುಪುರ ಹೊಳೆಯೂ ಬೆಂಗ್ರೆಯ ಮರಳು ದಿಬ್ಬದ ಒಳಬದಿಯಲ್ಲಿ ಕೂಡಿ ಅಳಿವೆ ಬಾಗಿಲಿನಿಂದ ಕಡಲು ಸೇರುತ್ತವೆ. ಅಲೆಯಿಂದ ಮರೆ ಇರುವ ನೀರು ಬೇಕೆಂದರೆ ಇದೇ. ಆದರೆ ಅಳಿವೆಯಲ್ಲಿ ಹೂಳು ತುಂಬುತ್ತದೆ, ಮಳೆಗಾಲದಲ್ಲಿ ಅಲೆ ಒಡೆಯುತ್ತದೆ. ಉಬ್ಬರಕ್ಕೂ ಇಳಿತಕ್ಕೂ ಸುಮಾರು ನಾಲ್ಕು ಅಡಿ ವ್ಯತ್ಯಾಸ. ತಳದ ಭಾರ ಐದಾರು ಅಡಿ ನೀರಿನೊಳಗೆ ಇಳಿಯುವ ದೋಣಿಯನ್ನು ಉಬ್ಬರದಲ್ಲಿ ನೋಡಿ ಕಟ್ಟಿದರೆ ಇಳಿತದಲ್ಲಿ ಅದು ಕೆಸರಿನಲ್ಲಿ ಓರೆಯಾಗಿ ಮಲಗುತ್ತದೆ.

ಹೊಳೆಯಲ್ಲಿ ಇನ್ನೂ ಮೇಲೆ ಹೋಗೋಣ ಎಂದರೆ ಸೇತುವೆ. ಮೀನುಗಾರರ ದೋಣಿ ತಲೆ ತಗ್ಗಿಸಿ ಹೋಗಬಹುದು, ಐವತ್ತು ಅಡಿಯ ಹಾಯಿಕಂಬ ತಲೆ ತಗ್ಗಿಸುವುದಿಲ್ಲ. ಕೂಳೂರು ಸೇತುವೆಯ ಮೇಲೆ ದಿನಾ ಬಸ್ಸಿನಲ್ಲಿ ಹೋಗುವವರು ಒಮ್ಮೆ ಕಿಟಕಿಯಿಂದ ಕೆಳಗೆ ನೋಡಿದರೆ ಸಾಕು, ಅರ್ಥವಾಗುತ್ತದೆ. ನೇತ್ರಾವತಿ ಕಡೆಗೂ ರಸ್ತೆ ಸೇತುವೆ, ರೈಲು ಸೇತುವೆ ಅಡ್ಡ. ಉಳಿಯುವುದು ಅಳಿವೆಯಿಂದ ಸುಲ್ತಾನ್ ಬತ್ತೇರಿ ದಾಟಿ ಕೂಳೂರಿನ ತನಕದ ಒಂದು ತುಂಡು ಹೊಳೆ. ಆ ತುಂಡು ಖಾಲಿ ಬಿದ್ದಿದೆಯೇ? ಇಲ್ಲ ಸ್ವಾಮಿ. ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳು ಅಲ್ಲೇ, ಬೆಂಗ್ರೆಯವರು ದಿನಾ ದಾಟುವ ಕಡವೂ ಅಲ್ಲೇ, ಮೀನುಗಾರಿಕೆಯ ದಕ್ಕೆಯೂ ಅಲ್ಲೇ. ಸ್ಟೇಟ್‌ಬ್ಯಾಂಕಿನಲ್ಲಿ ಬಸ್ಸಿಳಿದು ಬಂದರಿನ ಕಡೆ ನಡೆದು ಹೋಗುವವರಿಗೆ ಈ ಇಕ್ಕಟ್ಟು ಹೊಸದಲ್ಲ.

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗ ದಕ್ಕೆಯಲ್ಲಿ ದೋಣಿಗೆ ದೋಣಿ ಒತ್ತಿ ನಿಲ್ಲುತ್ತವೆ. ನಡುವೆ ತೆಳು ಮೈಯ ಹಾಯಿದೋಣಿ ಸಿಕ್ಕಿಕೊಂಡರೆ ಗಾಣದ ಕಬ್ಬು. ಬೆಂಕಿಯ ಭಯ ಬೇರೆ. 2023ರ ನವೆಂಬರಿನಲ್ಲಿ, ದೀಪಾವಳಿಯ ಹೊತ್ತಿಗೆ, ಗಂಗೊಳ್ಳಿಯಲ್ಲಿ ದಡದ ಮೇಲೆ ಸಾಲಾಗಿ ನಿಲ್ಲಿಸಿದ್ದ ದೋಣಿಗಳು ಒಂದರಿಂದ ಒಂದಕ್ಕೆ ಬೆಂಕಿ ಹತ್ತಿ ಉರಿದವು. ಅವು ದುಡಿಯುವವರ ದೋಣಿಗಳು.

ಕಡಲಿನಲ್ಲೇ ಲಂಗರು ಹಾಕಿ ಬಿಡುವ ಮಾತನ್ನಂತೂ ಆಡುವುದೇ ಬೇಡ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಬಂದರು ಕೆಲಸದ ಗಟ್ಟಿ ಟಗ್ಗೊಂದು ಮಗುಚಿ ಪಡುಬಿದ್ರಿ ಕಡೆ ದಡಕ್ಕೆ ಬಂತು, ಜೀವಗಳೂ ಹೋದವು. ಇನ್ನೊಂದು ಮೂಲ್ಕಿಯಾಚೆ ಬಂಡೆಗೆ ಸಿಕ್ಕಿ, ಒಂಬತ್ತು ಮಂದಿಯನ್ನು ಕರಾವಳಿ ರಕ್ಷಣಾ ಪಡೆ, ನೌಕಾಪಡೆಯವರು ಪಾರುಮಾಡಬೇಕಾಯಿತು. 2022ರ ಜೂನಿನಲ್ಲಿ ಉಳ್ಳಾಲದೆದುರು ‘ಪ್ರಿನ್ಸೆಸ್ ಮಿರಾಲ್’ ಎಂಬ ಸರಕು ಹಡಗು ತಳ ಒಡೆದು ಕುಳಿತಿತು, ಹದಿನೈದು ಮಂದಿ ಪ್ರಾಣ ಉಳಿಸಿಕೊಂಡು ಬಂದರು. ಹಡಗುಗಳ ಗತಿಯೇ ಇದಾದರೆ ಹವ್ಯಾಸದ ದೋಣಿಯ ಪಾಡೇನು?

ಕೊಚ್ಚಿಯ ಬೋಳ್ಗಾಟ್ಟಿಯಲ್ಲಿ 2010ರಲ್ಲಿ ಮರೀನಾ ತೆರೆದಿದ್ದಾರೆ, ಅಲ್ಲಿ ನಿಲ್ಲಿಸಿದರಾಯಿತು ಎಂದು ಹೇಳುವವರಿದ್ದಾರೆ. ನಿಲ್ಲಿಸಬಹುದು. ಆದರೆ ಹಳೇ ದೋಣಿ ಹಳೇ ಮನೆಯ ಹಾಗೆ, ವಾರಕ್ಕೊಮ್ಮೆ ಬಾಗಿಲು ತೆರೆಯದಿದ್ದರೆ ಹಾಳು. ಒಳಗೆ ಸೇರಿದ ನೀರನ್ನು ಹೊರಚೆಲ್ಲುವ ಪಂಪು ಒಂದು ರಾತ್ರಿ ಕೈಕೊಟ್ಟರೆ ಬೆಳಗ್ಗೆ ಹಾಯಿಕಂಬ ಮಾತ್ರ ನೀರಿನ ಮೇಲಿರುತ್ತದೆ. ಮಂಗಳೂರಿನವರು ದೋಣಿಯನ್ನು ಕೊಚ್ಚಿಯಲ್ಲಿಟ್ಟರೆ ಮೊದಲ ವರ್ಷ ತಿಂಗಳಿಗೊಮ್ಮೆ ರೈಲು ಹತ್ತುತ್ತಾರೆ, ಎರಡನೇ ವರ್ಷ ಹಬ್ಬಕ್ಕೊಮ್ಮೆ, ಮೂರನೇ ವರ್ಷ ಬಾಡಿಗೆಯ ಬಿಲ್ಲು ಬಂದಾಗ ಮಾತ್ರ ನೆನಪು. ಹತ್ತಿರದ ಸಾಧಾರಣ ಜಾಗವೇ ದೂರದ ಭರ್ಜರಿ ಜಾಗಕ್ಕಿಂತ ಮೇಲು.

ಇಲ್ಲೇ ಸರಕಾರದ ಪಾತ್ರ ಬರುವುದು. ಮರೀನಾ ಎಂಬ ಶಬ್ದ ಕರಾವಳಿಯ ಪ್ರವಾಸೋದ್ಯಮದ ಭಾಷಣಗಳಲ್ಲಿ ಆಗಾಗ ಕೇಳುತ್ತದೆ. ಗಾಜಿನ ಕಟ್ಟಡ, ಹೋಟೆಲು, ದೀಪಾಲಂಕಾರ. ದುಡ್ಡಿದ್ದವರ ಆಟಕ್ಕೆ ಸಾರ್ವಜನಿಕರ ಹಣ ಯಾಕೆ ಎಂದು ಅಂಗಡಿ ಕಟ್ಟೆಯಲ್ಲಿ ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಹೋಟೆಲು ಬೇಡ. ಬೇಕಾದದ್ದು ತೀರಾ ಸಣ್ಣದು: ಹೊಳೆಯ ಮೇಲ್ಬದಿಯಲ್ಲಿ, ಕಡವಿನ ದಾರಿ ಬಿಟ್ಟು, ತಳಕ್ಕೆ ಗಟ್ಟಿಯಾಗಿ ಹುಗಿದ ಹತ್ತಿಪ್ಪತ್ತು ಸರಪಳಿ, ಮಳೆಗೆ ಮೊದಲು ದೋಣಿಯನ್ನು ಮೇಲೆಳೆದು ನಿಲ್ಲಿಸಲು ಒಂದು ಇಳಿಜಾರು ಕಟ್ಟೆ, ಅಡಿಗೆ ಇಂತಿಷ್ಟು ಎಂದು ಬರೆದ ದರಪಟ್ಟಿಯ ಹಲಗೆ. ಈ ಕಟ್ಟೆ ಹಾಯಿದೋಣಿಗೆ ಮಾತ್ರವಲ್ಲ, ಮಂಜಿಗೂ ಬೇಕು. ಅಮಿನಿ, ಕಡ್ಮತ್, ಕಿಲ್ತಾನ್ ದ್ವೀಪಗಳು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಜಿಲ್ಲೆ ಬೇರೆಯಾಯಿತು, ವ್ಯಾಪಾರ ಉಳಿಯಿತು. ಆ ವ್ಯಾಪಾರ ಹೊತ್ತ ಮಂಜಿಗೆ ಮೊದಲ ಹಕ್ಕು, ಮೀನುಗಾರರಿಗೆ ಸರಿಸಮ ಹಕ್ಕು, ಹವ್ಯಾಸದವರಿಗೆ ಉಳಿದ ಜಾಗ, ಅದೂ ಪೂರ್ತಿ ದರ ಕೊಟ್ಟು. ದೋಣಿ ಬಡಗಿಗೆ, ಹಗ್ಗ-ಬಣ್ಣ-ಬೋಲ್ಟು ಮಾರುವ ಬಂದರಿನ ಅಂಗಡಿಗಳಿಗೆ ಮಳೆಗಾಲದಲ್ಲೂ ನಾಲ್ಕು ಕಾಸು ಹುಟ್ಟುತ್ತದೆ.

ಇನ್ನೊಂದು ಷರತ್ತು ಬಿಡಬಾರದು, ಅದು ಠೇವಣಿ. ಅಂಗಡಿ ಕೋಣೆ ಬಾಡಿಗೆಗೆ ಹಿಡಿಯುವವರಿಂದ ಮುಂಗಡ ತೆಗೆದುಕೊಳ್ಳುತ್ತಾರೆ, ಯಾಕೆ? ಬಾಗಿಲು ಹಾಕಿ ಓಡಿಹೋದರೆ ಕೈಯಲ್ಲಿ ಏನಾದರೂ ಇರಲಿ ಎಂದು. ಹಳೇ ದೋಣಿಯ ಯಜಮಾನರೂ ಹಾಗೇ ಓಡಿಹೋಗುತ್ತಾರೆ. ಮಕ್ಕಳು ಬೆಂಗಳೂರಿಗೆ ಕರೆದರು, ಸೊಂಟ ನೋವು ಬಂತು, ಎಂಜಿನು ಕೆಟ್ಟಿತು. ದೋಣಿಯನ್ನು ಕೊಳ್ಳುವವರಿಲ್ಲ, ಒಡೆಯುವುದಕ್ಕೂ ಖರ್ಚು. ಫೈಬರ್ ಕರಗುವುದಿಲ್ಲ, ಗುಜರಿಯವನೂ ಮುಟ್ಟುವುದಿಲ್ಲ. ಒಂದು ಮಳೆಗೆ ಮುಳುಗಿ, ಮೀನುಗಾರರ ಬಲೆ ಹರಿಯುತ್ತ, ಕಡವಿನ ದೋಣಿಗೆ ಅಡ್ಡವಾಗುತ್ತ ಹೊಳೆಯಲ್ಲೇ ಬಿದ್ದಿರುತ್ತದೆ. ವಿದೇಶದ ಎಷ್ಟೋ ಹೊಳೆಬಾಯಿಗಳಲ್ಲಿ ಇಂಥ ಅನಾಥ ದೋಣಿಗಳನ್ನು ಎತ್ತಿಸುವುದು ಸರಕಾರಗಳಿಗೇ ತಲೆನೋವಾಗಿದೆ. ದೋಣಿ ಎತ್ತಿಸುವ ಖರ್ಚಿನಷ್ಟು ಠೇವಣಿ ಮೊದಲೇ ಇಡದವರಿಗೆ ಸರಪಳಿಯ ನಂಬರು ಕೊಡಕೂಡದು.

ಕೊಳ್ಳುವವರ ಆಸೆಗೆ ಯಾರೂ ಕಲ್ಲು ಹಾಕುತ್ತಿಲ್ಲ. ಆದರೆ ಜನವರಿಯ ತಂಗಾಳಿಯಲ್ಲಿ ದೋಣಿ ನೋಡಿ ಮುಂಗಡ ಕೊಡುವ ಬದಲು ಅವರು ಒಮ್ಮೆ ಜುಲೈಯಲ್ಲಿ ಸುಲ್ತಾನ್ ಬತ್ತೇರಿಯ ಹತ್ತಿರ ಕೊಡೆ ಹಿಡಿದು ನಿಂತು, ಕೆಂಪು ನೀರಿನಲ್ಲಿ ತೆಂಗಿನ ಮರ ತೇಲಿ ಬರುವುದನ್ನು ನೋಡಲಿ. ಆ ನೀರಿನಲ್ಲಿ ದೋಣಿ ಎಲ್ಲಿ ನಿಲ್ಲುತ್ತದೆ ಎಂದು ಬೆರಳು ತೋರಿಸಲು ಬಂದರೆ ಆಮೇಲೆ ಬೆಲೆ ಮಾತಾಡಲಿ. ಬಂದರು ಇಲಾಖೆಯವರೂ ಅದೇ ದಿನ ಬಂದು ಪಕ್ಕದಲ್ಲಿ ನಿಂತರೆ, ಸರಪಳಿ ಎಲ್ಲಿ ಹುಗಿಯಬೇಕು, ಇಳಿಜಾರು ಕಟ್ಟೆ ಎಲ್ಲಿ ಬರಬೇಕು ಎಂದು ಅಳೆಯಲು ಬೇರೆ ಸಮಿತಿ ಬೇಕಾಗದು. ಬೆಂಗ್ರೆಯ ಕಡವಿನವರನ್ನು ಕೇಳಿದರೆ ನೀರು ಎಲ್ಲಿ ಆಳ, ಎಲ್ಲಿ ಮರಳು ಎಂದು ಹತ್ತು ನಿಮಿಷದಲ್ಲಿ ಹೇಳುತ್ತಾರೆ.