ತ್ಯಜಿಸುವಲ್ಲಿಯೂ ಧರ್ಮವಿದೆ

ಜೈನ ಮುನಿಗಳು ಪಾಲಿಸುವ ಪಂಚ ಸಮಿತಿಗಳಲ್ಲಿ ಕೊನೆಯದು ಉತ್ಸರ್ಗ ಸಮಿತಿ. ನಡೆಯುವಾಗ, ನುಡಿಯುವಾಗ, ಆಹಾರ ಸ್ವೀಕರಿಸುವಾಗ, ವಸ್ತುವನ್ನು ಎತ್ತಿಡುವಾಗ ಇರಬೇಕಾದ ಎಚ್ಚರವನ್ನು ಮೊದಲ ನಾಲ್ಕು ಸಮಿತಿಗಳು ಬೋಧಿಸುತ್ತವೆ. ಐದನೆಯದು ಬೇಡವಾದುದನ್ನು ತ್ಯಜಿಸುವಾಗಿನ ಎಚ್ಚರವನ್ನು ಬೋಧಿಸುತ್ತದೆ. ಶರೀರದ ಮಲವನ್ನು ಸಹ ಜೀವಜಂತುಗಳಿಲ್ಲದ, ಅನ್ಯರಿಗೆ ಬಾಧೆಯಾಗದ ಸ್ಥಳವನ್ನು ಪರೀಕ್ಷಿಸಿಯೇ ವಿಸರ್ಜಿಸಬೇಕೆಂಬುದು ಅದರ ಆಶಯ. ವಸ್ತುವು ನಮ್ಮ ಕೈಬಿಟ್ಟ ಮಾತ್ರಕ್ಕೆ ನಮ್ಮ ಹೊಣೆ ತೀರುವುದಿಲ್ಲವೆಂಬ ಈ ವಿವೇಕವು ಪ್ಲಾಸ್ಟಿಕ್ ಎಂಬ ಹೆಸರೇ ಇಲ್ಲದ ಕಾಲದಲ್ಲಿ ನಮ್ಮ ಪರಂಪರೆಗೆ ದೊರೆತಿತ್ತು.

ಗೃಹಸ್ಥರ ಆಚಾರದಲ್ಲಿಯೂ ಇದೇ ಎಳೆಯಿದೆ. ನೀರನ್ನು ಸೋಸಿ ಕುಡಿಯುವುದನ್ನು ಎಲ್ಲರೂ ಬಲ್ಲರು. ಸೋಸಿದ ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಗಳನ್ನು ಅದೇ ಬಾವಿಗೆ, ಅದೇ ಹೊಳೆಗೆ ಮೆಲ್ಲನೆ ಮರಳಿಸಬೇಕೆಂಬುದು ಆ ವಿಧಿಯ ಉತ್ತರಾರ್ಧ. ಎಲ್ಲಿಂದ ಬಂದುದೋ ಅಲ್ಲಿಗೆ ಕ್ಷೇಮವಾಗಿ ಸೇರಿಸುವುದೇ ಅದರ ತಿರುಳು. ದಿಗಂಬರ ಮುನಿಗಳ ಪಿಂಛಿಯೂ ನವಿಲು ತಾನಾಗಿ ಉದುರಿಸಿದ ಗರಿಗಳಿಂದ ಆದುದು. ಒಂದು ಜೀವವು ಬಿಟ್ಟದ್ದು ಮತ್ತೊಂದು ಜೀವದ ರಕ್ಷಣೆಗೆ ಸಾಧನವಾಗುತ್ತದೆ. ಮರುಬಳಕೆಗೆ ಇದಕ್ಕಿಂತ ಪವಿತ್ರವಾದ ನಿದರ್ಶನ ಬೇಕೆ?

ಈ ಮಾತು ನಮ್ಮ ಗೋಣಿಬೀಡಿನ ಸೀಮೆಗೆ ವಿಶೇಷವಾಗಿ ಅನ್ವಯಿಸುತ್ತದೆ. ಬಲ್ಲಾಳರಾಯನದುರ್ಗದ ಸಮೀಪ ಹುಟ್ಟುವ ಹೇಮಾವತಿಯು ಮೂಡಿಗೆರೆ, ಸಕಲೇಶಪುರಗಳ ನೆಲವನ್ನು ತಣಿಸಿ, ಗೊರೂರಿನಲ್ಲಿ ಜಲಾಶಯವಾಗಿ, ಮುಂದೆ ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಇಲ್ಲಿಯ ತೋಟದಂಚಿನಲ್ಲಿ ಎಸೆದ ಕೀಟನಾಶಕದ ಬಾಟಲಿ, ಗೊಬ್ಬರದ ಹರಿದ ಚೀಲ, ಪ್ರವಾಸಿಗರು ಬಿಟ್ಟುಹೋದ ತಟ್ಟೆ ಲೋಟಗಳು ಆಷಾಢದ ಒಂದು ಮಳೆಗೆ ಹಳ್ಳ ಸೇರುತ್ತವೆ. ಹಳ್ಳವು ನದಿಯನ್ನು ಸೇರುತ್ತದೆ. ಬೆಟ್ಟದ ಮೇಲೆ ವಾಸಿಸುವವರ ಪ್ರಮಾದವನ್ನು ಬಯಲಿನವರು ಕುಡಿಯಬೇಕಾಗುತ್ತದೆ. ಹಳೆಯ ಬಸದಿಗಳುಳ್ಳ ಅಂಗಡಿ, ಅಂದರೆ ಅಂದಿನ ಸೊಸೆವೂರು, ಇದೇ ತಾಲ್ಲೂಕಿನಲ್ಲಿದೆ. ಅಹಿಂಸೆಯನ್ನು ಶತಮಾನಗಳಿಂದ ಕೇಳಿದ ನೆಲವಿದು.

ಸಂತೋಷದ ಸಂಗತಿಯೆಂದರೆ, ಈ ಹೊಣೆಯನ್ನು ಹೊತ್ತವರು ನಮ್ಮ ನಡುವೆಯೇ ಇದ್ದಾರೆ. ರಾಜ್ಯದ ಅನೇಕ ಗ್ರಾಮ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರು ಸ್ವಚ್ಛ ವಾಹಿನಿಯನ್ನು ತಾವೇ ಚಲಾಯಿಸಿ, ಮನೆಮನೆಯ ಒಣ ಕಸವನ್ನು ಸಂಗ್ರಹಿಸಿ ವಿಂಗಡಿಸುತ್ತಿದ್ದಾರೆ. ಘಟ್ಟದ ಕೆಳಗೆ, ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣ ಕಸವನ್ನು ವಿಂಗಡಿಸಬಲ್ಲ ಘಟಕವು ಸುತ್ತಲಿನ ಹಲವು ಪಂಚಾಯಿತಿಗಳಿಗೆ ನೆರವಾಗಿದೆ. ಬೆಂಗಳೂರಿನಲ್ಲಿ ಚಿಂದಿ ಆಯುವವರಿಗೆ 2011ರಿಂದ ಮಹಾನಗರ ಪಾಲಿಕೆಯ ಗುರುತಿನ ಚೀಟಿಗಳು ದೊರೆಯತೊಡಗಿದವು. ಹಸಿರು ದಳದಂತಹ ಸಂಸ್ಥೆ ಅವರ ಬೆನ್ನಿಗೆ ನಿಂತಿತು. ಒಂದು ಚೀಟಿಯಿಂದ ಏನಾದೀತೆಂದು ಕೇಳಬಹುದು. ಬೀದಿಯಲ್ಲಿ ಸಂಶಯಕ್ಕೆ ಗುರಿಯಾಗುತ್ತಿದ್ದ ವ್ಯಕ್ತಿಯು ಅದರಿಂದ ದುಡಿಮೆಗಾರನೆಂದು ಮಾನ್ಯನಾದನು. ಗುರುತಿಸುವುದೆಂದರೆ ಇದು.

ಇಲ್ಲಿ ಶ್ರದ್ಧಾವಂತ ಶ್ರಾವಕರಿಗೆ ಒಂದು ಸಂದೇಹ ಬರುವುದು ಸಹಜ. ಗೊಬ್ಬರದ ಗುಂಡಿಯಲ್ಲಿ ಅಸಂಖ್ಯ ಜೀವಗಳು ಹುಟ್ಟುತ್ತವೆ, ಸಾಯುತ್ತವೆ, ಅದು ಹಿಂಸೆಯಲ್ಲವೆ? ಪ್ರಶ್ನೆ ಯೋಗ್ಯವಾದುದು. ಗೃಹಸ್ಥನಿಗೆ ಸಂಕಲ್ಪೀ ಹಿಂಸೆ ಸರ್ವಥಾ ತ್ಯಾಜ್ಯ. ಅಡುಗೆ, ಗೃಹಕೃತ್ಯಗಳಿಂದಾಗುವ ಆರಂಭೀ ಹಿಂಸೆಯನ್ನು ಅವನು ಪೂರ್ತಿಯಾಗಿ ತಪ್ಪಿಸಲಾರ, ಯತ್ನಪೂರ್ವಕವಾಗಿ ಕಡಿಮೆ ಮಾಡಬಲ್ಲ. ಅನ್ನವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆದರೆ ಚೀಲದೊಡನೆ ತಿಂದ ಹಸು ನರಳಿ ಸಾಯುತ್ತದೆ. ಕಸಕ್ಕೆ ಬೆಂಕಿಯಿಟ್ಟರೆ ಅದರೊಳಗಿನ ಕೀಟಗಳು ದಹಿಸುತ್ತವೆ, ಉಸಿರಾಡುವವರ ಎದೆ ಕೆಡುತ್ತದೆ. ಇವುಗಳ ಎದುರಿಗೆ, ಬಿಸಿ ಗಂಜಿಯನ್ನು ಸುರಿಯದೆ, ತರಗೆಲೆಯನ್ನು ಹೊದಿಸಿ, ಕಾಫಿ ಹಣ್ಣಿನ ಸಿಪ್ಪೆಯನ್ನೂ ತರಕಾರಿಯ ಉಳಿಕೆಯನ್ನೂ ನೆರಳಿನಲ್ಲಿ ಮಣ್ಣಾಗಲು ಬಿಡುವುದು ಅಲ್ಪಹಿಂಸೆಯ ಮಾರ್ಗ. ಎಲ್ಲಕ್ಕಿಂತ ಮೇಲಾದುದು ಕಸವನ್ನೇ ಹುಟ್ಟಿಸದ ಭೋಗೋಪಭೋಗ ಪರಿಮಾಣ. ಅಗತ್ಯವಿಲ್ಲದ ನೀರು ಚೆಲ್ಲುವುದನ್ನು, ನೆಲ ಅಗೆಯುವುದನ್ನು ಶ್ರಾವಕಾಚಾರ ಗ್ರಂಥಗಳು ಪ್ರಮಾದಚರ್ಯೆ ಎಂದು ಕರೆದು, ಅನರ್ಥದಂಡದಲ್ಲಿ ಸೇರಿಸಿವೆ. ಒಂದು ಗುಟುಕು ನೀರಿಗಾಗಿ ಒಂದು ಬಾಟಲಿಯನ್ನು ಕೊಂಡು ಎಸೆಯುವುದು ಬೇರೆ ಏನು?

ಹಾಗಾದರೆ ಈ ಸೇವಕರನ್ನು ನಾವು ಗೌರವಿಸುವ ಬಗೆ ಯಾವುದು? ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳಲ್ಲಿ ಪ್ರಮೋದವೆಂದರೆ ಗುಣವಂತರನ್ನು ಕಂಡು ಹರ್ಷಿಸುವುದು. ಮಾಡಿದ, ಮಾಡಿಸಿದ, ಅನುಮೋದಿಸಿದ ಕರ್ಮಗಳೆಲ್ಲವೂ ಫಲ ಕೊಡುತ್ತವೆಂಬುದು ನಮ್ಮ ಸಿದ್ಧಾಂತ. ಆದ್ದರಿಂದ ಸತ್ಕಾರ್ಯವನ್ನು ಮೆಚ್ಚುವುದೂ ಪುಣ್ಯವೇ. ಆದರೆ ಫ್ಲೆಕ್ಸ್ ಕಟ್ಟಿ, ಪ್ಲಾಸ್ಟಿಕ್ ಹಾರ ಹಾಕಿ ಸನ್ಮಾನಿಸಿ, ಮರುದಿನ ಅವೆಲ್ಲವನ್ನೂ ಅವರ ಗಾಡಿಗೇ ತುಂಬಿಸಿದರೆ ಅದು ಅನುಮೋದನೆಯಾಗದು. ಅವರ ಹೊರೆಯನ್ನು ಹೆಚ್ಚಿಸಿದಂತಾದೀತು.

ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿ ಬೇರೆಯಾಗಿ ಕೊಡುವುದು, ಹಸಿ ಕಸವನ್ನು ಮನೆಯಲ್ಲಿಯೇ ಉಳಿಸಿಕೊಳ್ಳುವುದು, ಶುಲ್ಕವನ್ನು ಸಕಾಲಕ್ಕೆ ಸಲ್ಲಿಸುವುದು, ಬಾಗಿಲಿಗೆ ಬಂದವರನ್ನು ಹೆಸರಿನಿಂದ ಕರೆದು ಒಂದು ಲೋಟ ನೀರು ಕೊಡುವುದು: ಇವು ನಿಜವಾದ ಸನ್ಮಾನಗಳು. ಬಸದಿಯ ಪೂಜೆ, ಆರಾಧನೆಗಳ ಭೋಜನದಲ್ಲಿ ಬಾಳೆಲೆ, ಸ್ಟೀಲಿನ ಲೋಟಗಳಿಗೆ ಮರಳುವುದು ಪ್ರತಿಯೊಂದು ಸಮಾಜಕ್ಕೂ ಸಾಧ್ಯ. ಊರು ಚಿಕ್ಕದಾದಷ್ಟೂ ಅದು ಸುಲಭ.

ಜೀವಿಗಳು ಪರಸ್ಪರ ಉಪಕಾರಕ್ಕಾಗಿ ಇವೆಯೆಂದು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯವು ಬೋಧಿಸುತ್ತದೆ. ನಮ್ಮ ಕಸವನ್ನು ಮುಟ್ಟುವ ಕೈಗಳು ಪ್ರತಿದಿನವೂ ನಮಗೆ ಉಪಕಾರ ಮಾಡುತ್ತಿವೆ. ಆ ಕೈಗಳಿಗೆ ಗಾಯವಾಗದಂತೆ ನೋಡಿಕೊಳ್ಳುವ ಅಹಿಂಸಾಣುವ್ರತವನ್ನು ಈ ವಾರದಿಂದಲೇ ನಮ್ಮ ಅಡುಗೆಮನೆಯಲ್ಲಿ ಆರಂಭಿಸೋಣ.