ಅಮಾವಾಸ್ಯೆ ರಾತ್ರಿಯ ದನಿ ಯಾರಲ್ಲಿದೆ?

ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ 1938ರಲ್ಲಿ ಮಿಂಟನ್ಸ್ ಪ್ಲೇಹೌಸ್ ಎಂಬ ಕ್ಲಬ್ ಶುರುವಾಯಿತು. ಅದನ್ನು ತೆರೆದ ಹೆನ್ರಿ ಮಿಂಟನ್ ತಾವೇ ಸ್ಯಾಕ್ಸೊಫೋನ್ ವಾದಕರು. ದೊಡ್ಡ ಬ್ಯಾಂಡುಗಳಲ್ಲಿ ಸಂಬಳಕ್ಕೆ ನುಡಿಸಿ ಬಂದ ಜಾಝ್ ಕಲಾವಿದರು ಹೊತ್ತು ಮೀರಿದ ಮೇಲೆ ಇಲ್ಲಿ ಸೇರಿ ತಮ್ಮ ಖುಷಿಗೆ ನುಡಿಸುತ್ತಿದ್ದರು. ಪಿಯಾನೊಗೆ ಥೆಲೋನಿಯಸ್ ಮಂಕ್, ಡ್ರಮ್ಮಿಗೆ ಕೆನ್ನಿ ಕ್ಲಾರ್ಕ್. ಕೈ ಪಳಗದವರು ವೇದಿಕೆ ಹತ್ತಿದರೆ ಬೇಕಂತಲೇ ತೊಡಕಿನ ಸ್ವರಗಳಿಗೆ ಜಿಗಿದು ಅವರ ಬೆವರಿಳಿಸುತ್ತಿದ್ದರಂತೆ. ನಮ್ಮ ಶಹಾಪುರ, ಸುರಪುರ ಸೀಮೆಯಲ್ಲಿ ಜಿದ್ದಿನ ಭಜನೆ ಕೇಳಿದವರಿಗೆ ಇದೇನು ಹೊಸದಲ್ಲ. ಎದುರಿನ ಮೇಳದವರ ಬಾಯಿ ಕಟ್ಟುವಂಥ ಸವಾಲಿನ ಪದ ಎತ್ತಿ, ಮೀಸೆಯಲ್ಲೇ ನಗುತ್ತ ಕೂರುವ ಹಿರಿಯರು ನಮ್ಮಲ್ಲೂ ಉಂಟು.

ಆದರೆ ಮಿಂಟನ್ಸ್‌ಗೆ ಒಂದು ಅದೃಷ್ಟವಿತ್ತು. ಕೊಲಂಬಿಯ ವಿಶ್ವವಿದ್ಯಾಲಯದ ಹುಡುಗ ಜೆರ್ರಿ ನ್ಯೂಮನ್ ಧ್ವನಿ ಮುದ್ರಿಸುವ ಯಂತ್ರ ಹೊತ್ತುಕೊಂಡು 1941ರಲ್ಲಿ ಅಲ್ಲಿಗೆ ಹೋಗುತ್ತಿದ್ದ. ಯಾವ ಕಂಪನಿಯೂ ಅವನನ್ನು ಕಳಿಸಿರಲಿಲ್ಲ. ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ ಯಾವ ಅವಸರವೂ ಇಲ್ಲದೆ ನುಡಿಸಿದ್ದು ಅವನ ತಟ್ಟೆಗಳಲ್ಲಿ ಉಳಿಯಿತು. ಮಾರನೆಯ ವರ್ಷ ಮಾರ್ಚಿನಲ್ಲಿ ಕ್ರಿಶ್ಚಿಯನ್ ಕ್ಷಯದಿಂದ ತೀರಿಕೊಂಡಾಗ 25 ವರ್ಷ. ಅದೇ 1942ರ ಆಗಸ್ಟಿನಿಂದ ವಾದಕರ ಸಂಘ ಧ್ವನಿಮುದ್ರಣಕ್ಕೆ ಮುಷ್ಕರ ಹೂಡಿತು. ಹೊಸ ಬಗೆಯ ಜಾಝ್ ಮೈತಳೆಯುತ್ತಿದ್ದ ಕಾಲದ ಬಹುಪಾಲು ಸಂಗೀತ ಯಾರ ಕೈಗೂ ಸಿಗದೆ ಹೋಯಿತು. ಆಗ ಸ್ಟುಡಿಯೋದ ತಟ್ಟೆಗೆ ಮೂರು ನಿಮಿಷದ ಮಿತಿಯಿತ್ತು. ನ್ಯೂಮನ್ನನ ಮುದ್ರಣದಲ್ಲಿ ಜನರ ಗದ್ದಲ ಕೇಳುತ್ತದೆ, ಆದರೆ ವಾದಕ ಒಂದು ಯೋಚನೆಯನ್ನು ಕೊನೆತನಕ ಬೆನ್ನಟ್ಟುವುದೂ ಕೇಳುತ್ತದೆ. ನಮಗೆ ಬೇಕಾದದ್ದು ಅದು.

ಯಾಕೆಂದರೆ ತತ್ವಪದವೂ ಮೂರು ನಿಮಿಷದ ಸರಕಲ್ಲ. ನಮ್ಮ ಜಿಲ್ಲೆಯ ಗಡಿ ದಾಟಿದರೆ ಸಿಗುವ ಕಡಕೋಳದ ಮಡಿವಾಳಪ್ಪನವರ ಪದಗಳು ಈ ಸೀಮೆಯ ಮಠ, ಗುಡಿಕಟ್ಟೆಗಳಲ್ಲಿ ಅಮಾವಾಸ್ಯೆ ಬಂದರೆ, ಶ್ರಾವಣ ಬಂದರೆ ಬೆಳತನಕ ನಡೆಯುತ್ತವೆ. ಅವರ ಶಿಷ್ಯರ ಸಾಲಿನಲ್ಲಿ ಚೆನ್ನೂರ ಜಲಾಲ ಸಾಹೇಬರೂ ಇದ್ದಾರೆ, ಖೈನೂರ ಕೃಷ್ಣಪ್ಪನವರೂ ಇದ್ದಾರೆ. ಹಾಡಿಕೆಯವನು ಮೊದಲ ಸೊಲ್ಲು ಎತ್ತುವಾಗ ಏಕತಾರಿ ಮಾತ್ರ ಇರುತ್ತದೆ. ಹಿಮ್ಮೇಳದವರು ಆ ಸೊಲ್ಲನ್ನು ಹಿಡಿದು ತಿರುವುತ್ತಾರೆ, ತಾಳ, ದಮ್ಮಡಿ ಒಂದೊಂದಾಗಿ ಕೂಡುತ್ತವೆ. ನಡುವೆ ಹಾಡು ನಿಲ್ಲಿಸಿ ಅರ್ಥ ಹೇಳುವುದುಂಟು, ಕೂತವರಲ್ಲೊಬ್ಬ ಅದಕ್ಕೆ ತಕರಾರು ತೆಗೆಯುವುದೂ ಉಂಟು. ಅಂಕಿತಕ್ಕೆ ಬರುವಷ್ಟರಲ್ಲಿ ಲಯ ಇಮ್ಮಡಿಯಾಗಿರುತ್ತದೆ. ಪುಸ್ತಕದಲ್ಲಿ ಅರ್ಧ ಪುಟದ ಪದ ಅಂಗಳದಲ್ಲಿ ಅರ್ಧ ಗಂಟೆ ಹಿಡಿಯುತ್ತದೆ.

ಪುಸ್ತಕದ ಕೆಲಸ ಚೆನ್ನಾಗಿಯೇ ಆಗಿದೆ. ಬೆಂಗಳೂರಿನ ಕನಕದಾಸ ಅಧ್ಯಯನ ಕೇಂದ್ರ ನಾಡಿನ ತತ್ವಪದಗಳನ್ನು ಹತ್ತಾರು ಸಂಪುಟಗಳಲ್ಲಿ ತಂದಿದೆ. ಆ ಶ್ರಮಕ್ಕೆ ಕೈಮುಗಿಯಬೇಕು. ಆದರೆ ಆ ಅರ್ಧ ಗಂಟೆ ಅಚ್ಚಿಗೆ ಒಗ್ಗುವುದಿಲ್ಲ. ಜಾತ್ರೆಯಲ್ಲಿ ಮಾರುತ್ತಿದ್ದ ಕ್ಯಾಸೆಟ್‌ಗಳಲ್ಲಿ ಅದು ತಕ್ಕಮಟ್ಟಿಗೆ ಇತ್ತು. ಅವುಗಳ ಮೇಲೆ ಮುಖ್ಯ ಗಾಯಕರ ಹೆಸರು, ಫೋಟೊ. ದಮ್ಮಡಿ ಬಡಿದವರು ಯಾರು ಎಂಬುದನ್ನು ಬರೆಯುವ ಗೋಜಿಗೆ ಹೆಚ್ಚಿನವರು ಹೋಗಲಿಲ್ಲ. ಈಗಿನ ಸ್ಟುಡಿಯೋ ಮುದ್ರಣಗಳ ಬಗ್ಗೆ ನನಗೆ ಅಷ್ಟೇನೂ ಗೌರವವಿಲ್ಲ: ಕೀಬೋರ್ಡು, ರಿದಮ್ ಪ್ಯಾಡು, ಗುಹೆಯಿಂದ ಬಂದಂಥ ಪ್ರತಿಧ್ವನಿ. ಅದಕ್ಕಿಂತ ಮಠದ ಕಂಬಕ್ಕೆ ಆತು ಕೂತವರು ಮೊಬೈಲಿನಲ್ಲಿ ಹಿಡಿದದ್ದು ಎಷ್ಟೋ ವಾಸಿ. ನಾಯಿ ಬೊಗಳಿದ್ದೂ ಇರಲಿ, ಚಹಾದ ಕಪ್ಪಿನ ಸದ್ದೂ ಇರಲಿ.

ಹಿಡಿದಿಡದಿದ್ದರೆ ಏನಾಗುತ್ತದೆ ಎಂಬುದಕ್ಕೂ ಜಾಝ್ ಸಾಕ್ಷಿ. ಅದರ ಹುಟ್ಟೂರು ನ್ಯೂ ಆರ್ಲಿಯನ್ಸ್. ಅಲ್ಲಿ ಬಡ್ಡಿ ಬೋಲ್ಡನ್ ಕಾರ್ನೆಟ್ ಊದಿದರೆ ಊರಿಗೆಲ್ಲ ಕೇಳುತ್ತಿತ್ತು ಎಂಬ ಮಾತಿದೆ. ಆತನ ಒಂದು ಮುದ್ರಣವೂ ಇವತ್ತಿಗೂ ಸಿಕ್ಕಿಲ್ಲ. ಜಾಝ್ ಹೆಸರಿನ ಮೊದಲ ತಟ್ಟೆ 1917ರಲ್ಲಿ ನ್ಯೂಯಾರ್ಕಿನಲ್ಲಿ ಬಂದಾಗ ಅದರಲ್ಲಿ ನುಡಿಸಿದವರೆಲ್ಲ ಬಿಳಿಯರು. ಯಂತ್ರ ಯಾರ ಮನೆಬಾಗಿಲಿಗೆ ಮೊದಲು ಹೋಗುತ್ತದೋ ಚರಿತ್ರೆಯೂ ಅಲ್ಲಿಂದಲೇ ಶುರುವಾಗುತ್ತದೆ. ಈಗ ಯಂತ್ರ ನಮ್ಮೆಲ್ಲರ ಕಿಸೆಯಲ್ಲೇ ಇರುವುದರಿಂದ ಯಾರನ್ನೂ ದೂರುವಂತಿಲ್ಲ.

ಓದುಗರಲ್ಲಿ ಒಂದು ಕೋರಿಕೆ. ತಿಂಥಣಿಯ ಮೌನೇಶ್ವರ ಜಾತ್ರೆಗೆ ಹೋದಾಗ, ಮೊಹರಂ ದಿನಗಳಲ್ಲಿ ಅಲಾಯಿ ಪದ ಕೇಳಿದಾಗ, ನಿಮ್ಮೂರ ಭಜನೆಗೆ ಕೂತಾಗ ಹಾಡಿಕೆಯವರ ಒಪ್ಪಿಗೆ ಪಡೆದು ಮುದ್ರಿಸಿಕೊಳ್ಳಿ. ಫೋನನ್ನು ಸ್ಪೀಕರಿನ ಮುಂದೆ ಇಡಬೇಡಿ, ಮೇಳದ ಹತ್ತಿರ ಇಡಿ. ನಡುವೆ ಕರೆ ಬಾರದಂತೆ ಮಾಡಿ. ಪದವನ್ನು ತುಂಡರಿಸದೆ ಪೂರ್ತಿ ಹಿಡಿಯಿರಿ. 1902ರ ನವೆಂಬರಿನಲ್ಲಿ ಕಲ್ಕತ್ತದಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಾಗ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಕೂಗಿ ಹೇಳಿದರು. ದೂರದ ಜರ್ಮನಿಯಲ್ಲಿ ತಟ್ಟೆ ಒತ್ತುವವರಿಗೆ ಗೊತ್ತಾಗಲೆಂದು. ನಮ್ಮವರೂ ಹಾಗೆಯೇ ಹೇಳಲಿ: ಊರು, ತಾರೀಖು, ಹಾಡಿದವರ ಹೆಸರು, ತಾಳ ಹಿಡಿದವರ ಹೆಸರು, ದಮ್ಮಡಿ ಬಡಿದವರ ಹೆಸರು.