ಚಪ್ಪಲಿ ಹಾಕ್ಕೊಂಡು ನಲ್ಲಿ ತಿರುಗಿಸಿ

ನಮ್ಮ ಅಜ್ಜಿ ಮನೆಯ ಬಚ್ಚಲಿಗೆ ಒಂದು ನಿಯಮ ಇತ್ತು. ಬಾಗಿಲ ಪಕ್ಕ ಒಂದು ಜೊತೆ ನೀಲಿ ಹವಾಯಿ ಚಪ್ಪಲಿ ಇರ್ತಿತ್ತು. ಗೀಸರ್ ಆನ್ ಇದ್ದಾಗ ಬಿಸಿನೀರಿನ ನಲ್ಲಿ ಮುಟ್ಟೋ ಮುಂಚೆ ಅದನ್ನ ಹಾಕ್ಕೋಬೇಕು. ಯಾಕಜ್ಜಿ ಅಂದ್ರೆ, "ನಲ್ಲಿ ಸ್ವಲ್ಪ ಜುಮ್ ಅನ್ನುತ್ತೆ ಕಣೋ" ಅಂತಿದ್ರು. ನೆಂಟರು ಬಂದ್ರೆ ಟವೆಲ್ ಕೊಡುವಾಗಲೇ ಈ ಮಾತೂ ಹೇಳ್ತಿದ್ವಿ. ದೇವರ ಮನೆಗೆ ಚಪ್ಪಲಿ ಹಾಕ್ಕೊಂಡು ಹೋಗಬಾರದು, ಬಚ್ಚಲಿಗೆ ಹಾಕ್ಕೊಳ್ಳದೆ ಹೋಗಬಾರದು. ಎರಡನ್ನೂ ಒಂದೇ ಶ್ರದ್ಧೆಯಿಂದ ಪಾಲಿಸಿದ್ವಿ, ಹನ್ನೆರಡು ವರ್ಷ.

ಆ ಹನ್ನೆರಡು ವರ್ಷ ಆ ಮನೆಯಲ್ಲಿ ಇದ್ದವರು ಯಾರು ಗೊತ್ತಾ? ಇಬ್ಬರು ಎಂಜಿನಿಯರುಗಳು, ಒಬ್ಬರು ಫಿಸಿಕ್ಸ್ ಮೇಷ್ಟ್ರು. ಆ ಇಬ್ಬರು ಎಂಜಿನಿಯರುಗಳಲ್ಲಿ ಒಬ್ಬ ನಾನೇ.

ಹೋದ ವರ್ಷ ಆ ಮನೆಯನ್ನ ರಿನೋವೇಟ್ ಮಾಡಿಸಿ ನಾವೇ ಹೋಗಿ ಇರೋದು ಅಂತಾಯ್ತು. ರಾಜಾಜಿನಗರದಲ್ಲಿ 1978ರಲ್ಲಿ ಕಟ್ಟಿದ ಮನೆ. ಇಂಟೀರಿಯರ್ ಕೊಟೇಶನ್ ಬಂತು. ಫಾಲ್ಸ್ ಸೀಲಿಂಗಿಗೆ ಒಂದು ಪುಟ, ಮಾಡ್ಯುಲರ್ ಕಿಚನ್ನಿಗೆ ಎರಡು ಪುಟ, ಟೀವಿ ಹಿಂದಿನ ಗೋಡೆಗೆ ಅರ್ಧ ಪುಟ. ಎಲೆಕ್ಟ್ರಿಕಲ್ ಕೆಲಸಕ್ಕೆ ಒಂದೇ ಸಾಲು: ‘ಹಳೇ ಸ್ವಿಚ್ ತೆಗೆದು ಹೊಸ ಸ್ವಿಚ್ ಹಾಕುವುದು.’ ಅದರ ಹಿಂದಿನ ವೈರಿನ ಸುದ್ದಿಯೇ ಇಲ್ಲ. ಲೈಟು ವಾರ್ಮ್ ವೈಟೋ ಕೂಲ್ ವೈಟೋ ಅಂತ ಮೂರು ದಿನ ಚರ್ಚೆ ಮಾಡಿದ ನಾವು ಆ ಸಾಲನ್ನ ಮೂರು ಸೆಕೆಂಡಿನಲ್ಲಿ ದಾಟಿದ್ವಿ.

ಕೆಲಸಕ್ಕೆ ಬಂದ ಹಿರಿಯ ಎಲೆಕ್ಟ್ರಿಷಿಯನ್ ಹಾಲಿನ ಬೋರ್ಡು ಬಿಚ್ಚಿದರು, ಒಂದು ನಿಮಿಷ ನೋಡಿದರು, ವಾಪಸ್ ಮುಚ್ಚಿದರು. "ಸಾರ್, ಮಾಡಿದ್ರೆ ಪೂರ್ತಿ ಕಿತ್ತು ಮಾಡ್ತೀನಿ. ಇದರ ಮೇಲೆ ಹೊಸ ಸ್ವಿಚ್ ಕೂರಿಸೋಕೆ ಬೇರೆಯವರನ್ನ ಕರೀರಿ."

ನನ್ನ ಜಗಳ ಇರೋದು ಇಲ್ಲೇ. ಹಳೇ ಮನೆಯಲ್ಲಿ ಕಣ್ಣಿಗೆ ಕಾಣೋದಕ್ಕೆಲ್ಲ ಲಕ್ಷಗಟ್ಟಲೆ ಸುರಿದು, ಹಳೇ ವೈರನ್ನ ಹಾಗೇ ಬಿಟ್ಟು ಅದರ ಮೇಲೆ ಜಿಪ್ಸಮ್ ಹೊಡೆಸೋದು ರಿನೋವೇಶನ್ ಅಲ್ಲ. ಅದು ಹುಣ್ಣಿನ ಮೇಲೆ ಪೌಡರ್ ಹಚ್ಚೋ ಕೆಲಸ. ಮೊದಲು ವೈರು, ಆಮೇಲೆ ಬಣ್ಣ. ಇಷ್ಟೇ ನನ್ನ ವಾದ.

ಬಿಚ್ಚಿಸಿದಾಗ ಏನೇನು ಸಿಕ್ತು ಕೇಳಿ. ಮರದ ಪಟ್ಟಿ ಮೇಲೆ ಕ್ಲಿಪ್ ಹೊಡೆದು ಎಳೆದಿದ್ದ ಮೊದಲಿನ ವೈರು, ಬಗ್ಗಿಸಿದ್ರೆ ಅದರ ಹೊದಿಕೆ ಹಪ್ಪಳದ ಥರ ಮುರೀತಿತ್ತು. ಅದಕ್ಕೇ ಜೋಡಿಸಿದ ಫ್ರಿಜ್ಜಿನ ಲೈನು. ಅದರ ತುದಿಗೆ ಟೇಪ್ ಸುತ್ತಿ ಮುಂದಕ್ಕೆಳೆದ ವಾಷಿಂಗ್ ಮೆಷೀನ್ ಲೈನು. ಯಾವತ್ತೋ ತೆಗೆಸಿದ ಕರೆಗಂಟೆಯ ಎರಡು ವೈರು; ಗಂಟೆ ಇಲ್ಲ, ಕರೆಂಟ್ ಮಾತ್ರ ಇದೆ. ಪ್ರತಿ ಸಲ ಹಳೇದನ್ನ ಕೀಳದೆ ಮೇಲೊಂದು ಸೇರಿಸಿದ್ದಾರೆ. ಆಫೀಸಿನಲ್ಲಿ ಇಂಥ ಕೋಡ್ ಕಂಡ್ರೆ ಬರೆದವನ ಜನ್ಮ ಜಾಲಾಡ್ತೀವಿ. ಮನೇಲಿ ಅದರ ಕೆಳಗೇ ಮಕ್ಕಳನ್ನ ಮಲಗಿಸ್ತೀವಿ.

ಮೀಟರ್ ಬೋರ್ಡಿನ ಪಿಂಗಾಣಿ ಫ್ಯೂಸಿನಲ್ಲಿ ತೆಳ್ಳನೆ ಫ್ಯೂಸ್ ತಂತಿಯ ಬದಲು ದಪ್ಪ ತಾಮ್ರದ ತಂತಿ ಇತ್ತು. ಪದೇ ಪದೇ ಫ್ಯೂಸ್ ಹೋಗುತ್ತೆ ಅಂತ ಯಾರೋ ಕಂಡುಕೊಂಡ ಪರಿಹಾರ. ಅಲ್ಲ ಸ್ವಾಮಿ, ಫ್ಯೂಸ್ ಕರಗೋದೇ ವೈರನ್ನ ಉಳಿಸೋಕೆ. ಅದು ಕರಗದ ಹಾಗೆ ಮಾಡಿದ್ರೆ ಮುಂದೆ ಕರಗೋದು ವೈರೇ.

ಸ್ವಲ್ಪ ಲೆಕ್ಕ ಹಾಕೋಣ. ಆ ಮನೆಗೆ ವೈರ್ ಎಳೆದಾಗ ಇದ್ದದ್ದು ಆರು ಬಲ್ಬು, ಮೂರು ಫ್ಯಾನು, ಒಂದು ರೇಡಿಯೋ. ಆಮೇಲೆ ಬಂದ ಫ್ರಿಜ್ಜನ್ನೂ ಸೇರಿಸಿದ್ರೆ ಹೆಚ್ಚೆಂದರೆ 4 ಆಂಪಿಯರ್. ಇವತ್ತು 2000 ವಾಟಿನ ಗೀಸರ್, 2000 ವಾಟಿನ ಇಂಡಕ್ಷನ್ ಒಲೆ, ಸುಮಾರು 1500 ವಾಟಿನ ಎಸಿ ಒಟ್ಟಿಗೆ ಓಡಿದ್ರೆ 230 ವೋಲ್ಟಿಗೆ 24 ಆಂಪಿಯರ್. ಕರೆಂಟು ಆರು ಪಟ್ಟು. ಆದರೆ ವೈರಿನಲ್ಲಿ ಹುಟ್ಟೋ ಬಿಸಿ ಕರೆಂಟಿನ ವರ್ಗದಷ್ಟು ಏರುತ್ತೆ, ಅಂದ್ರೆ ಅದೇ ವೈರಿನಲ್ಲಿ 36 ಪಟ್ಟು. ಪಿಯುಸಿಯಲ್ಲಿ ಇದಕ್ಕೆ ನಾವೆಲ್ಲ ಪೂರ್ತಿ ಮಾರ್ಕ್ಸ್ ತಗೊಂಡಿದ್ದೀವಿ.

ಇನ್ನು ಆ ಜುಮ್ ಅನ್ನೋ ನಲ್ಲಿ. ತ್ರೀ-ಪಿನ್ ಸಾಕೆಟ್ಟಿನ ದೊಡ್ಡ ತೂತು ಅರ್ಥಿಂಗಿಗೆ. ಗೀಸರ್ ಒಳಗೆ ಕರೆಂಟ್ ಲೀಕ್ ಆದ್ರೆ ಅದನ್ನ ನೆಲಕ್ಕೆ ಒಯ್ಯೋ ದಾರಿ ಅದು. ನಮ್ಮ ಗೀಸರ್ ಸಾಕೆಟ್ಟಿನಲ್ಲಿ ಆ ತೂತಿನ ಹಿಂದೆ ವೈರೇ ಇರಲಿಲ್ಲ. ದಾರಿ ಸಿಗದ ಕರೆಂಟು ಕಬ್ಬಿಣದ ಪೈಪಿನಲ್ಲಿ ನಲ್ಲಿವರೆಗೆ ಬಂದು ನಮ್ಮ ಕೈಗೆ ಕಾಯ್ತಿತ್ತು. ಫ್ರಿಜ್ಜಿನ ಸಾಕೆಟ್ಟಿನಲ್ಲಿ ಇನ್ನೂ ಘನಕಾರ್ಯ: ಅರ್ಥ್ ಪಿನ್ನನ್ನ ನ್ಯೂಟ್ರಲ್ಲಿಗೇ ಕಟ್ಟಿದ್ದರು. ಹಿಂದೆಲ್ಲೋ ಆ ನ್ಯೂಟ್ರಲ್ ಕಿತ್ತುಹೋದ್ರೆ ಇಡೀ ಫ್ರಿಜ್ಜಿನ ಮೈಗೆ 230 ವೋಲ್ಟ್.

"ನಮ್ಮನೇಲಿ ಎಂಸಿಬಿ ಇದೆಯಲ್ಲ" ಅಂತೀರಾ? ಎಂಸಿಬಿ ಕಾಯೋದು ವೈರನ್ನ, ನಿಮ್ಮನ್ನಲ್ಲ. 6 ಆಂಪಿಯರಿನ ಎಂಸಿಬಿ ಪಾಲಿಗೆ ನಿಮ್ಮ ಮೈಯಲ್ಲಿ ಹರಿಯೋ ಕಾಲು ಆಂಪಿಯರ್ ಲೆಕ್ಕಕ್ಕೇ ಇಲ್ಲ, ಆದರೆ ನಿಮ್ಮ ಹೃದಯ ನಿಲ್ಲೋಕೆ ಅಷ್ಟೂ ಬೇಡ. ಮನುಷ್ಯರನ್ನ ಕಾಯೋಕೆ ಇರೋದು 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಹೋದ ಕರೆಂಟೂ ವಾಪಸ್ ಬಂದ ಕರೆಂಟೂ ತಾಳೆಯಾಗ್ತಿದೆಯಾ ಅಂತ ನೋಡ್ತಾ ಇರುತ್ತೆ. 30 ಮಿಲಿಆಂಪಿಯರ್ ವ್ಯತ್ಯಾಸ ಬಂದ್ರೆ ಕಣ್ಣು ಮಿಟುಕಿಸೋ ಅಷ್ಟರಲ್ಲಿ ಕಟ್. ಅದರ ಬೆಲೆ ನಿಮ್ಮ ಒಂದು ವೀಕೆಂಡ್ ಊಟದ ಬಿಲ್ಲಿನಷ್ಟು.

ನಮ್ಮನೇಲೂ ಒಮ್ಮೆ ಹಾಕಿಸಿದ್ವಂತೆ. ಪದೇ ಪದೇ ಟ್ರಿಪ್ ಆಗುತ್ತೆ ಅಂತ ತೆಗೆಸಿಬಿಟ್ರಂತೆ! ನಾಯಿ ಬೊಗಳಿದ್ದು ಮನೆಗೆ ಕಳ್ಳ ಬಂದಿದ್ದಕ್ಕೆ. ನಾವು ನಾಯಿಯನ್ನ ಹೊಡೆದು ಓಡಿಸಿದ್ವಿ.

ಇನ್ನೊಂದು ವಾದ ಇದೆ: "ನಲವತ್ತು ವರ್ಷ ಏನೂ ಆಗಿಲ್ಲವಲ್ಲ." ನಲವತ್ತು ವರ್ಷ ಏನೂ ಆಗಲಿಲ್ಲ ಅನ್ನೋದು ವೈರು ಚೆನ್ನಾಗಿದೆ ಅನ್ನೋದಕ್ಕೆ ಸಾಕ್ಷಿ ಅಲ್ಲ, ಅದಕ್ಕೆ ನಲವತ್ತು ವರ್ಷ ವಯಸ್ಸಾಗಿದೆ ಅನ್ನೋದಕ್ಕೆ ಸಾಕ್ಷಿ. ಮೂರನೇ ವಾದ: "ಬಾಡಿಗೆ ಮನೆ, ನಮಗ್ಯಾಕೆ?" ಶಾಕ್ ಹೊಡೆಯೋ ಮುಂಚೆ ಕರೆಂಟು ಅಗ್ರಿಮೆಂಟ್ ನೋಡಲ್ಲ. ಐದೋ ಹತ್ತೋ ತಿಂಗಳ ಅಡ್ವಾನ್ಸ್ ಕೊಡೋ ಮುಂಚೆ ಕಾವೇರಿ ನೀರು ಬರುತ್ತಾ, ಕಾರ್ ಪಾರ್ಕಿಂಗ್ ಇದೆಯಾ ಅಂತ ಕೇಳ್ತೀರಿ. "ಅಂಕಲ್, ಅರ್ಥಿಂಗ್ ಇದೆಯಾ, ಆರ್‌ಸಿಸಿಬಿ ಇದೆಯಾ" ಅಂತಲೂ ಕೇಳಿ. ಹತ್ತು ಜನ ಬಾಡಿಗೆದಾರರು ಕೇಳಿದ್ರೆ ಹನ್ನೊಂದನೆಯವರಿಗೆ ಓನರ್ ಹಾಕಿಸಿಟ್ಟಿರ್ತಾರೆ.

ಫುಟ್‌ಪಾತಿನಲ್ಲಿ ತಂತಿ ಬಿದ್ದು ಯಾರಾದರೂ ಸತ್ತರೆ ನಾವೆಲ್ಲ ಕೆರಳ್ತೀವಿ. ಕೆರಳಬೇಕಾದ್ದೇ. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಇತ್ತೀಚಿನ ವರ್ಷಗಳಲ್ಲಿ ಕೊಡ್ತಿರೋ ಲೆಕ್ಕದ ಪ್ರಕಾರ ದೇಶದಲ್ಲಿ ವರ್ಷಕ್ಕೆ 10,000ಕ್ಕೂ ಹೆಚ್ಚು ಜನ ವಿದ್ಯುತ್ ಆಘಾತದಿಂದ ಸಾಯ್ತಾರೆ. ಎಲ್ಲರೂ ಬೀದಿಯಲ್ಲೇ ಸಾಯಲ್ಲ. ಮೀಟರಿನಿಂದ ಆಚೆಗೆ ಸರ್ಕಾರವನ್ನ ಬೈಯೋಣ. ಮೀಟರಿನಿಂದ ಈಚೆಗೆ ಬೈಯೋಕೆ ನಾವೇ ಇರೋದು. ಶಿವನಸಮುದ್ರದ ಕರೆಂಟಿನಲ್ಲಿ 1905ರಲ್ಲೇ ಬೀದಿದೀಪ ಹೊತ್ತಿಸಿದ ಊರು ಇದು. ಇಷ್ಟು ಹೊತ್ತಿಗೆ ಒಂದು ಅರ್ಥ್ ವೈರ್ ಎಳೆಯೋದನ್ನ ಕಲೀಬೇಕಿತ್ತು.

ನಾವು ಕೊನೆಗೂ ಎಲ್ಲ ಕಿತ್ತೆವು. ಲೈಟಿಗೆ 1.5, ಪವರ್ ಸಾಕೆಟ್ಟಿಗೆ 2.5, ಗೀಸರ್ ಮತ್ತು ಎಸಿಗೆ 4 ಚದರ ಮಿಲಿಮೀಟರಿನ ತಾಮ್ರದ ವೈರು. ಗೀಸರಿಗೆ ಬೇರೆ ಲೈನು, ಎಸಿಗೆ ಬೇರೆ ಲೈನು. ನ್ಯೂಟ್ರಲ್ ಕಪ್ಪು, ಅರ್ಥ್ ಹಸಿರು, ಎಲ್ಲೂ ಅದಲು ಬದಲಿಲ್ಲ. ಹಿತ್ತಲಲ್ಲಿ ಹೊಸ ಅರ್ಥ್ ಪಿಟ್. ಗಾರೆ ಮೆತ್ತೋ ಮುಂಚೆ ಪ್ರತಿ ಗೋಡೆಗೂ ಟೇಪ್ ಹಿಡಿದು ಫೋಟೋ ತೆಗೆದೆ. ಪ್ರತಿ ಎಂಸಿಬಿ ಮೇಲೂ ಅದು ಯಾವುದರದ್ದು ಅಂತ ಕನ್ನಡದಲ್ಲಿ ಚೀಟಿ ಅಂಟಿಸಿದೆ, ಅಮ್ಮನಿಗೂ ಗೊತ್ತಾಗಲಿ ಅಂತ. ಫಾಲ್ಸ್ ಸೀಲಿಂಗ್ ಕ್ಯಾನ್ಸಲ್ ಮಾಡಿದ ದುಡ್ಡಿನಲ್ಲಿ ಇಷ್ಟೂ ಆಗಿ ಇನ್ನೂ ಮಿಕ್ಕಿತು. ನೋಡೋಕೆ ಬಂದವರು "ಏನು ಮಾಡಿಸಿದ್ರಿ, ಹಾಗೇ ಇದೆಯಲ್ಲ" ಅಂತಾರೆ. ಅನ್ನಲಿ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಡಿಬಿ ಬಾಕ್ಸ್ ಮುಚ್ಚಳ ತೆಗೆದು ‘ಟೆಸ್ಟ್’ ಅಂತ ಬರೆದಿರೋ ಪುಟ್ಟ ಗುಂಡಿ ಹುಡುಕಿ. ಇದ್ರೆ ಒತ್ತಿ, ಕರೆಂಟ್ ಹೋದ್ರೆ ಆರ್‌ಸಿಸಿಬಿ ಕೆಲಸ ಮಾಡ್ತಿದೆ ಅಂತ ಅರ್ಥ, ನೆಮ್ಮದಿಯಾಗಿ ಮಲಗಿ. ಹೋಗದಿದ್ರೆ, ಅಥವಾ ಗುಂಡಿಯೇ ಸಿಗದಿದ್ರೆ, ಬೆಳಿಗ್ಗೆ ಲೈಸೆನ್ಸ್ ಇರೋ ಎಲೆಕ್ಟ್ರಿಕಲ್ ಕಾಂಟ್ರಾಕ್ಟರಿಗೆ ಫೋನ್ ಮಾಡಿ. ಅಲ್ಲಿಯವರೆಗೆ ಬಚ್ಚಲಿಗೆ ಚಪ್ಪಲಿ ಹಾಕ್ಕೊಂಡೇ ಹೋಗಿ.